ಅವ್ವನ ಮಾರಿ ತೆಗೆದದ್ದು

ನಮ್ಮ ಮನೆಯಲ್ಲಿ ಅವ್ವ ಇದ್ದದ್ದು ಚಿಗವ್ವನ ಕೊರಳಲ್ಲಿ.

ಬೀದರಿನ ಕಾಲೇಜಿನಲ್ಲಿ ಈ ಮಾತು ಹೇಳಿದರೆ ಜೊತೆಯ ಹುಡುಗಿಯರು ಮೊದಲು ನಗುತ್ತಿದ್ದರು, ಆಮೇಲೆ ಸುಮ್ಮನಾಗುತ್ತಿದ್ದರು. ಔರಾದ ಕಡೆಯ ನಮ್ಮ ಹಳ್ಳಿಯಲ್ಲಿ ಇದು ನಗುವ ಮಾತೂ ಅಲ್ಲ, ಸುಮ್ಮನಾಗುವ ಮಾತೂ ಅಲ್ಲ. ಮೊದಲ ಹೆಂಡತಿ ತೀರಿಕೊಂಡು ಗಂಡ ಎರಡನೆಯವಳನ್ನು ಮಾಡಿಕೊಂಡರೆ, ಬಂದವಳ ಕೊರಳಿಗೆ ತಾಳಿಯ ಜೊತೆಗೆ ಬೆಳ್ಳಿಯ ಒಂದು ಸಣ್ಣ ಬಿಲ್ಲೆ ಕಟ್ಟುತ್ತಾರೆ. ಬಿಲ್ಲೆಯ ಮೇಲೆ ಸತ್ತವಳ ಮುಖ ಉಬ್ಬಿಕೊಂಡಿರುತ್ತದೆ. ಅದಕ್ಕೆ ಟಾಕ ಎನ್ನುತ್ತಾರೆ. ಸವತಿಯನ್ನು ಕೊರಳಲ್ಲೇ ಇಟ್ಟುಕೊಂಡರೆ ಆಕೆ ಬಾಗಿಲ ಹೊರಗೆ ನಿಂತು ಕಾಡುವುದಿಲ್ಲ ಎಂಬುದು ಹಿರಿಯರ ನಂಬಿಕೆ. ಮನೆಗೊಂದು ಇಲ್ಲದಿದ್ದರೂ ಓಣಿಗೊಂದು ಟಾಕ ಇತ್ತು.

ನಾನು ಎದೆಹಾಲು ಕುಡಿಯುವ ಕೂಸಾಗಿದ್ದಾಗ ಅವ್ವ ಸತ್ತಳು. ವರ್ಷ ತುಂಬುವುದರೊಳಗೆ ಆಯಿ, ಅಂದರೆ ನನ್ನ ತಂದೆಯ ತಾಯಿ, ಭಾತಂಬ್ರಾದಿಂದ ಚಿಗವ್ವನನ್ನು ಹುಡುಕಿ ತಂದು ಟಾಕ ಕಟ್ಟಿಸಿ ನನ್ನನ್ನು ಆಕೆಯ ಉಡಿಯಲ್ಲಿ ಹಾಕಿದಳು. ಮದುವೆ ಬಡಬಡ ಮುಗಿದಿತ್ತು. ಫೋಟೋದವನನ್ನು ಕರೆಸುವ ಪುರಸೊತ್ತು ಯಾರಿಗೂ ಇರಲಿಲ್ಲವಂತೆ. ಅವ್ವನ ಮದುವೆಯದು ಒಂದು ಫೋಟೋ ಇತ್ತು. ಅದನ್ನು ಆಯಿ ಅವ್ವನ ಜೊತೆಗೇ ಮಣ್ಣಿಗೆ ಹಾಕಿದ್ದಳು. ಯಾಕೆ ಎಂದು ಕೇಳಿದಾಗಲೆಲ್ಲ ಆಯಿಯದು ಒಂದೇ ಉತ್ತರ. ಆಕೆಯ ಮುಖ ಆಕೆಯ ಜೊತೆ ಹೋಗಲಿ, ಹುಡುಕಿಕೊಂಡು ಮನೆಗೆ ಬರುವುದು ಬೇಡ ಎಂದು.

ಹೀಗಾಗಿ ನನ್ನ ಪಾಲಿಗೆ ಅವ್ವ ಎಂದರೆ ಹುಣಸೆ ಬೀಜದಷ್ಟು ಬೆಳ್ಳಿ. ಅದಕ್ಕೆ ಚಿಗವ್ವ ಮಾಡುವ ಉಪಚಾರವನ್ನು ನೋಡುತ್ತಲೇ ನಾನು ಬೆಳೆದೆ. ಹೊಸ ಸೀರೆ ಬಂದರೆ ಮೊದಲು ಸೆರಗಿನ ತುದಿ ಟಾಕಕ್ಕೆ ಮುಟ್ಟಬೇಕು. ಊಟಕ್ಕೆ ಕುಳಿತರೆ ಮೊದಲ ತುತ್ತನ್ನು ಅದರ ಮುಂದೆ ಹಿಡಿದು, ತುಸು ತಡೆದು, ಆಮೇಲೆ ತನ್ನ ಬಾಯಿಗೆ. ಸ್ನಾನದ ಮನೆಯಿಂದ ಆಕೆಯ ಮಾತು ಕೇಳಿಸುತ್ತಿತ್ತು, ನೀರು ಭಾಳ ಬಿಸಿ ಅವ ನೋಡಕ್ಕ ಎಂದು. ನಾನು ತಂಟೆ ಮಾಡಿದರೆ ನನ್ನನ್ನು ಬೈಯುತ್ತಿರಲಿಲ್ಲ. ಟಾಕವನ್ನು ಎತ್ತಿ ಹಿಡಿದು, ನೋಡು, ನಿನ್ನ ಮಗಳ ಕೆಲಸ, ಎಂದು ಅಲ್ಲಿ ಚಾಡಿ ಹೇಳುತ್ತಿದ್ದಳು. ಏಟು ತಿಂದಿದ್ದರೆ ಅರ್ಧ ಗಳಿಗೆಯಲ್ಲಿ ಮರೆಯುತ್ತಿದ್ದೆ. ಈ ಚಾಡಿಗೆ ಇಡೀ ದಿನ ಮೈ ಜುಮ್ಮೆನ್ನುತ್ತಿತ್ತು.

ಆಕೆಗೆ ಒಂದು ಚಾಳಿ ಇತ್ತು. ಏನಾದರೂ ಯೋಚನೆ ಹತ್ತಿದರೆ ಟಾಕವನ್ನು ಹೆಬ್ಬೆರಳಿನಿಂದ ತಿಕ್ಕುತ್ತ ಕೂರುತ್ತಿದ್ದಳು. ಯೋಚನೆಗೇನು ಬರ, ನಮ್ಮಂಥ ಮನೆಯಲ್ಲಿ. ಅಪ್ಪ ಕುರಿ ಹೊಡೆದುಕೊಂಡು ಹೋದರೆ ಸಂಜೆಯೇ ಬರುವವನು, ಒಮ್ಮೊಮ್ಮೆ ಗಡಿ ದಾಟಿ ಮಹಾರಾಷ್ಟ್ರದ ಹೊಲಗಳಲ್ಲಿ ಗೊಬ್ಬರಕ್ಕೆಂದು ವಾರಗಟ್ಟಲೆ ಕುರಿ ಕೂಡಿಸುವವನು. ಬೆಳ್ಳಿ ಸವೆಯುತ್ತಲೇ ಹೋಯಿತು. ನನಗೆ ಬುದ್ಧಿ ತಿಳಿಯುವ ಹೊತ್ತಿಗೆ ಮೂಗು ಒಂದಿಷ್ಟು ಉಳಿದಿತ್ತು, ಕಣ್ಣು ಹೋಗಿದ್ದವು.

ಚಿತ್ರಕಲೆ ಓದುತ್ತೇನೆ ಎಂದಾಗ ಅಪ್ಪ ಅಡ್ಡಿ ಮಾಡಲಿಲ್ಲ. ಕುರಿಗೆ ಗುರುತಿನ ಬಣ್ಣ ಹಚ್ಚುವುದನ್ನು ತಾನೇ ಪುಕ್ಕಟೆ ಕಲಿಸುತ್ತೇನೆ, ಬೀದರಿಗೆ ಯಾಕೆ ಹೋಗಬೇಕು, ಎಂದು ಚೇಷ್ಟೆ ಮಾಡಿದ, ಅಷ್ಟೇ. ಬೀದರಿನಲ್ಲಿ ಮಿಶನ್ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದು ನಿವೃತ್ತರಾದ ಒಬ್ಬರ ಮನೆಯಲ್ಲಿ ಕೋಣೆ ಹಿಡಿದೆ. ಎಲ್ಲರೂ ಅವರನ್ನು ಸಿಸ್ಟರ್ ಎನ್ನುತ್ತಿದ್ದರು. ಅವರ ಪಡಸಾಲೆಯ ಗೋಡೆ ತುಂಬ ಸತ್ತವರ ಫೋಟೋಗಳು. ಅಜ್ಜ, ಅಜ್ಜಿ, ಪಾದ್ರಿಯಾಗಿದ್ದ ದೊಡ್ಡಪ್ಪ, ಗಂಡ, ಎಲ್ಲರೂ ದೊಡ್ಡ ದೊಡ್ಡ ಚೌಕಟ್ಟಿನಲ್ಲಿ ಕುಳಿತು ನಾನು ಚಹಾ ಕುಡಿಯುವುದನ್ನು ನೋಡುತ್ತಿದ್ದರು. ನಿಮ್ಮ ತಾಯಿಯ ಒಂದು ಫೋಟೋ ಕೂಡ ಇಲ್ಲವೇನು ಎಂದು ಸಿಸ್ಟರ್ ಕೇಳಿದ ದಿನ ನನಗೆ ಮೊದಲ ಬಾರಿಗೆ ಹೊಟ್ಟೆಯಲ್ಲಿ ಕಿಚ್ಚು ಬಿತ್ತು. ಅಲ್ಲಿಯವರೆಗೆ ಅದು ಕೊರತೆ ಎಂದೇ ನನಗೆ ತೋಚಿರಲಿಲ್ಲ.

ಭಾವಚಿತ್ರ ಕಲಿಸುವ ಸರ್ ಮೈಸೂರು ಕಡೆಯವರು. ಒಳ್ಳೆಯವರೇ, ಆದರೆ ನಮ್ಮ ಭಾಷೆ ಅವರಿಗೆ ದಿನಾ ಒಂದು ತಮಾಷೆ. ನಾವು ಮುಖಕ್ಕೆ ಮಾರಿ ಅನ್ನುತ್ತೇವೆ. ಮೊದಲ ವಾರ ನಾನು, ಇಕಿ ಮಾರಿ ಛೊಲೋ ಬಂದದ ನೋಡ್ರಿ ಸರ್, ಎಂದಾಗ ಅವರು ಬೆಚ್ಚಿ, ಮಾರಮ್ಮ ಎಲ್ಲಿ ಬಂದಳು ಎಂದು ಹಿಂತಿರುಗಿ ನೋಡಿದ್ದರು. ಇನ್ನು, ನಾವು ಚಿತ್ರ ತೆಗೆಯುವವರು. ಅವರು ಚಿತ್ರ ಬರೆಯುವವರು. ತೆಗೆಯುವುದು ಹಲ್ಲನ್ನು ಕಣಮ್ಮ, ಚಿತ್ರವನ್ನಲ್ಲ, ಎಂದು ತಿದ್ದುತ್ತಿದ್ದರು. ನಾನು ಹಟಮಾರಿ. ಅವರು ತಿದ್ದಿದಷ್ಟೂ ತೆಗೀತೀನ್ರಿ ಸರ್ ಎಂದೇ ಹೇಳುತ್ತಿದ್ದೆ. ಈ ಒಂದು ಶಬ್ದ ನನ್ನನ್ನು ಎಲ್ಲಿಗೆ ಒಯ್ಯುತ್ತದೆಂದು ಗೊತ್ತಿದ್ದರೆ ಅವರು ಹೇಳಿದ ದಿನವೇ ಬರೆಯಲು ಶುರುಮಾಡುತ್ತಿದ್ದೆ.

ಹೋಲಿಕೆ ಹಿಡಿಯುವುದರಲ್ಲಿ ತರಗತಿಯಲ್ಲಿ ನನ್ನನ್ನು ಮೀರಿಸುವವರಿರಲಿಲ್ಲ. ವಿನಯಕ್ಕೋಸ್ಕರ ಸುಳ್ಳು ಹೇಳಲಾರೆ. ಚೌಬಾರಾ ಬುರುಜಿನ ಹತ್ತಿರದ ಹೋಟೆಲಿನಲ್ಲಿ ಕುಳಿತು, ಎದುರಿನವರು ಚಹಾ ಆರಿಸಿ ಕುಡಿದು ಏಳುವುದರೊಳಗೆ ಅವರನ್ನು ಹಾಳೆಗೆ ಇಳಿಸಿರುತ್ತಿದ್ದೆ. ನೆರಳು, ಬಣ್ಣ, ಅಂಗರಚನೆ ಇವೆಲ್ಲ ಬೇರೆಯವರು ನನಗಿಂತ ಚೆನ್ನಾಗಿ ಮಾಡುತ್ತಿದ್ದರು. ಆದರೆ ಆ ಮನುಷ್ಯ ಅದೇ ಮನುಷ್ಯನ ಹಾಗೆ ಕಾಣಬೇಕೆಂದರೆ ನನ್ನ ಕೈಯೇ ಬೇಕು.

ಕೊನೆಯ ವರ್ಷದ ಮುಖ್ಯ ಕೆಲಸವೆಂದು ಸರ್ ಒಂದು ವಿಷಯ ಕೊಟ್ಟರು. ನಿಮ್ಮ ಕಣ್ಣೆದುರು ಬಂದು ಕೂರಲಾರದ ಒಬ್ಬರ ಭಾವಚಿತ್ರ. ಎಲ್ಲರೂ ಅಜ್ಜ ಅಜ್ಜಿಯರ ಹಳೆಯ ಫೋಟೋ ಹುಡುಕತೊಡಗಿದರು. ನಾನು ಅವ್ವನದು ಎಂದೆ. ಫೋಟೋ ಇಲ್ಲದೆ ಏನನ್ನು ನೋಡಿ ಮಾಡುತ್ತೀಯ ಎಂದು ಸರ್ ಕೇಳಿದರು. ಟಾಕದ ವಿಷಯ ಹೇಳಿದೆ. ಹಿಂದಿನ ವರ್ಷ ಅವರೇ ನಮ್ಮನ್ನು ಕೋಟೆಗೆ ಕರೆದೊಯ್ದು, ಕಲ್ಲಿನ ಮೇಲೆ ತೆಳು ಕಾಗದ ಹಾಸಿ, ಪೆನ್ಸಿಲನ್ನು ಅಡ್ಡ ಹಿಡಿದು ತಿಕ್ಕಿದರೆ ಕಣ್ಣಿಗೆ ಕಾಣದ ಕೆತ್ತನೆಯೂ ಕಾಗದದ ಮೇಲೆ ಏಳುವುದನ್ನು ತೋರಿಸಿದ್ದರು. ಸವೆದ ಕಲ್ಲು ಅಷ್ಟು ಮಾತಾಡಿದರೆ ಸವೆದ ಬೆಳ್ಳಿ ಮಾತಾಡದೇ ಇರುತ್ತದೆಯೇ ಎಂದುಕೊಂಡೆ. ನನಗೆ ಅವ್ವನ ಮುಖ ಬೇಕಾಗಿತ್ತು. ಅಂಕಗಳೆಲ್ಲ ಅದಕ್ಕೆ ಒಂದು ನೆವ.

ಸೋಯಾ ರಾಶಿ ಮುಗಿದ ದಿನಗಳು. ಔರಾದಿಗೆ ಬಸ್ಸು ಹಿಡಿದು, ಅಲ್ಲಿಂದ ಟಂಟಂ ಆಟೋದಲ್ಲಿ ಊರು ಮುಟ್ಟಿದಾಗ ಮಧ್ಯಾಹ್ನದ ಬಿಸಿಲು. ಚಿಗವ್ವ ಅಂಗಳದಲ್ಲಿ ಉದ್ದು ಹಸನು ಮಾಡುತ್ತಿದ್ದಳು. ಆಯಿ ಗೋಡೆಯ ನೆರಳಲ್ಲಿ ಕಂಬಳಿ ಹಾಸಿಕೊಂಡು ಕುಳಿತಿದ್ದಳು. ಕಣ್ಣಿಗೆ ಪೊರೆ ಬಂದಿದ್ದರೂ ನನ್ನ ಹೆಜ್ಜೆ ಕೇಳಿಯೇ ಬಂದವಳು ಯಾರೆಂದು ಹೇಳಿದಳು. ನೀರು ಕುಡಿದವಳೇ ನಾನು ಚಿಗವ್ವನ ಎದುರು ಕುಕ್ಕರಗಾಲಲ್ಲಿ ಕುಳಿತು ಆಕೆಯ ಕೊರಳಿನತ್ತ ಬೆರಳು ಮಾಡಿದೆ.

"ಚಿಗವ್ವ, ನಂಗ ಅವ್ವನ ಮಾರಿ ತೆಗಿಬೇಕಾಗ್ಯದ."

ಆಕೆಯ ಕೈಯ ಮೊರ ನಿಂತಿತು. ನನ್ನನ್ನು ನೋಡಿದಳು. ಖರೆನೇ ಎಂದು ಕೇಳಿದಳು. ಖರೆನೇ, ಭಾಳ ದಿನದಿಂದ ಮನಸ್ಸಿನಲ್ಲಿತ್ತು, ಈಗ ಕಾಲೇಜಿನಲ್ಲೂ ಮಾಡು ಅಂದಿದ್ದಾರೆ ಎಂದೆ. ಕಾಲೇಜಿನಾಗೂ ಹಿಂಗ ಅಂದಾರೇನು, ಎಂದು ತನ್ನಷ್ಟಕ್ಕೆ ಹೇಳಿಕೊಂಡು ಮೊರವನ್ನು ಪಕ್ಕಕ್ಕಿಟ್ಟಳು. ಆಮೇಲೆ ಎರಡೂ ಕೈ ಹಿಂದೆ ಒಯ್ದು ದಾರ ಬಿಚ್ಚಿದಳು. ಗಂಟು ಬಿಗಿದು ಕಲ್ಲಾಗಿತ್ತು, ಹೊತ್ತು ಹಿಡಿಯಿತು. ಟಾಕವನ್ನು ನನ್ನ ಅಂಗೈಯಲ್ಲಿಟ್ಟು ಬೆರಳುಗಳನ್ನು ತಾನೇ ಮುಚ್ಚಿದಳು. ಬೆಳ್ಳಿ ಬೆಚ್ಚಗಿತ್ತು. ಅದಿದ್ದ ಜಾಗದಲ್ಲಿ ಚರ್ಮ ಬೆಳ್ಳಗೆ, ಗುಂಡಗೆ, ಎಂದೂ ಬಿಸಿಲು ಕಾಣದ ಒಂದು ಕಲೆ. ನಾನು ಅದನ್ನು ನೋಡಬಾರದೆಂಬಂತೆ ಸೆರಗು ಎಳೆದುಕೊಂಡು ಒಳಗೆ ಹೋದಳು.

ನಾನು ಖುಷಿಯಲ್ಲಿದ್ದೆ. ಎಷ್ಟು ಸಲೀಸಾಗಿ ಕೊಟ್ಟಳು ಎಂದು ಮನಸ್ಸು ತುಂಬಿ ಬಂದಿತ್ತು. ಪಡಸಾಲೆಯಲ್ಲಿ ಮಣೆಯ ಮೇಲೆ ಟಾಕವಿಟ್ಟು, ತೆಳು ಕಾಗದ ಮುಚ್ಚಿ, ಮೆತ್ತಗಿನ ಪೆನ್ಸಿಲಿನಿಂದ ಹಗುರಾಗಿ ತಿಕ್ಕಿದೆ. ಬಿಲ್ಲೆಯ ಅಂಚು ಎದ್ದಿತು. ಒಳಗೆ ಏನೂ ಏಳಲಿಲ್ಲ. ಕಾಗದ ಬದಲಿಸಿದೆ, ಪೆನ್ಸಿಲು ಬದಲಿಸಿದೆ, ದಿಕ್ಕು ಬದಲಿಸಿದೆ. ಪ್ರತಿಸಲವೂ ಒಂದು ಬೋಳು ಮುಖ, ಕಣ್ಣಿಲ್ಲದ್ದು, ಬಾಯಿಲ್ಲದ್ದು. ಆ ಹಾಳೆಗಳನ್ನು ಸಾಲಾಗಿ ನೆಲದ ಮೇಲೆ ಹರಡಿ ನೋಡಿದವಳು ಬೇಗ ಮಡಚಿ ಒಳಗಿಟ್ಟೆ.

ಟಾಕ ವಾಪಸು ಕೊಡಲು ಹೋದರೆ ಚಿಗವ್ವ ಕೈ ಚಾಚಲಿಲ್ಲ. ನೀನೇ ಇಟ್ಟುಕೋ ಎಂದಳು. ಕೆಲಸ ಮುಗಿಯುವವರೆಗೆ ಇರಲಿ ಎಂದು ಹೇಳುತ್ತಿದ್ದಾಳೆ ಎಂದು ತಿಳಿದು ಕರವಸ್ತ್ರದಲ್ಲಿ ಸುತ್ತಿ ಚೀಲದಲ್ಲಿಟ್ಟೆ.

ಮನೆ ಬದಲಾದದ್ದು ಅಂದಿನಿಂದ. ಚಿಗವ್ವ ಮಾತು ಬಿಟ್ಟಳು. ನನ್ನ ಮೇಲೆ ಸಿಟ್ಟು ಎಂದೇನೂ ಅಲ್ಲ, ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದಳು. ಆದರೆ ಸ್ನಾನದ ಮನೆಯಿಂದ ನೀರಿನ ಸದ್ದು ಮಾತ್ರ ಬರುತ್ತಿತ್ತು. ಊಟಕ್ಕೆ ಕುಳಿತರೆ ಮೊದಲ ತುತ್ತು ನೇರ ಬಾಯಿಗೆ. ಚಿಗವ್ವ ಎಂದು ಕರೆದರೆ ತಡವಾಗಿ ತಿರುಗುತ್ತಿದ್ದಳು, ಬೇರೆ ಯಾರನ್ನೋ ಕರೆದದ್ದು ತನಗೆ ಕೇಳಿಸಿದ ಹಾಗೆ.

ಇಷ್ಟೇ ಆಗಿದ್ದರೆ ಆಕೆಗೆ ಮೈಯಲ್ಲಿ ಹುಷಾರಿಲ್ಲವೇನೋ ಎಂದುಕೊಂಡು ಮರೆಯುತ್ತಿದ್ದೆ. ಮರುದಿನ ಮಧ್ಯಾಹ್ನ ಆಕೆ ಮೇವಿನ ಹೊರೆ ಹೊತ್ತು ಹಟ್ಟಿಯ ಬಾಗಿಲಿಗೆ ಬಂದಾಗ ನಮ್ಮ ನಾಯಿ ಎದ್ದು ಬೊಗಳಿತು. ಮರಿಯಿದ್ದಾಗಿನಿಂದ ಆಕೆಯ ಕೈಯ ರೊಟ್ಟಿ ತಿಂದ ನಾಯಿ ಅದು. ಹಲ್ಲು ತೋರಿಸಿ, ಹಿಂದೆ ಹಿಂದೆ ಸರಿಯುತ್ತ ಬೊಗಳಿತು. ಒಳಗಿದ್ದ ಕುರಿಮರಿಗಳು ಮೇವಿಗೆ ಮುಗಿಬೀಳುವ ಬದಲು ದೂರದ ಮೂಲೆಗೆ ಒತ್ತೊತ್ತಾಗಿ ನಿಂತವು. ಚಿಗವ್ವ ಹೊರೆ ಇಳಿಸಿ, ಅವುಗಳನ್ನು ನೋಡಿ ಹೊರಗೆ ಬಂದಳು. ಅಂಗಳ ದಾಟುವಾಗ ಕಂಬಳಿಯ ಮೇಲಿದ್ದ ಆಯಿ ತಲೆ ಎತ್ತಿದಳು.

"ಯಾರವ್ವ ಅದು?"

ಚಿಗವ್ವ ತಾನು ಎಂದಳು. ಆಯಿ ಮತ್ತೆ ಯಾರವ್ವ ಎಂದಳು. ಇಪ್ಪತ್ತು ವರ್ಷ ಒಂದೇ ಒಲೆಯ ಅಡಿಗೆ ಉಂಡವರು ಅವರಿಬ್ಬರು. ಆ ದಿನವೆಲ್ಲ ಚಿಗವ್ವ ಮುಂದೆ ಹಾದಾಗಲೆಲ್ಲ ಆಯಿ ಅದನ್ನೇ ಕೇಳಿದಳು, ನನ್ನನ್ನು ಒಂದು ಸಲವೂ ಕೇಳಲಿಲ್ಲ.

ಹೊತ್ತು ಕಳೆಯಲೆಂದು ನಾನು ಚಿಗವ್ವನ ಚಿತ್ರಕ್ಕೆ ಕೈ ಹಾಕಿದೆ. ಕಣ್ಣು ಮುಚ್ಚಿಕೊಂಡರೂ ಬರಬೇಕಾದ ಮುಖ ಅದು. ಗುಂಡು ಗಲ್ಲ, ಅಗಲ ಕಣ್ಣು, ತುಸು ದಪ್ಪ ಕೆಳತುಟಿ. ರೊಟ್ಟಿ ಬಡಿಯುವಾಗ, ಅಕ್ಕಿ ಆರಿಸುವಾಗ, ಗೋಡೆಗೆ ಒರಗಿದಾಗ ಎದುರಿಗೆ ಕುಳಿತು ತೆಗೆದೆ. ಒಂದೂ ಹೋಲಲಿಲ್ಲ. ಗೆರೆ ಗಲ್ಲಕ್ಕೆ ಬಂದರೆ ಅದರ ಪಾಡಿಗೆ ಅದು ಉದ್ದಕ್ಕೆ ಇಳಿದು ಬಿಡುತ್ತಿತ್ತು. ಕಣ್ಣು ಹತ್ತಿರ ಹತ್ತಿರ ಬಂದು ಕೂರುತ್ತಿದ್ದವು. ಹಾಳೆಯಿಂದ ಕಣ್ಣೆತ್ತಿ ಆಕೆಯನ್ನು ನೋಡಿದರೆ ಗುರುತಿನ ಮುಖವೇ, ಕಣ್ಣಿಳಿಸಿದರೆ ಯಾರೋ. ಜೀವನದಲ್ಲಿ ಮೊದಲ ಬಾರಿಗೆ ನನ್ನ ಕೈಗೆ ಹೋಲಿಕೆ ಸಿಗಲಿಲ್ಲ. ನನಗೆ ಅಳುವಿಗಿಂತ ಮೊದಲು ಸಿಟ್ಟು ಬರುತ್ತದೆ. ಹಾಳೆಗಳನ್ನೆಲ್ಲ ಚೀಲದ ತಳಕ್ಕೆ ತುರುಕಿದೆ.

ಟಾಕದ ಮುಖ ಮೂಲದಲ್ಲಿ ಹೇಗಿತ್ತೆಂದು ಗೊತ್ತಿರುವವನು ಅದನ್ನು ಮಾಡಿದವನೇ. ಭಾಲ್ಕಿಯ ಪತ್ತಾರನ, ಅಂದರೆ ಅಕ್ಕಸಾಲಿಗನ, ಅಂಗಡಿಯಿಂದ ತಂದದ್ದೆಂದು ಅಪ್ಪ ಹೇಳಿದ. ಮರುದಿನ ಬೆಳಗಿನ ಬಸ್ಸಿಗೇ ಹೊರಟೆ. ಬೀದರಿನಲ್ಲಿ ಬಸ್ಸು ಬದಲಿಸಿ ಭಾಲ್ಕಿಗೆ ಹೋಗುವ ತನಕ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಎರಡೂ ಕೈಯಿಂದ ಹಿಡಿದಿದ್ದೆ.

ಪತ್ತಾರ ಐವತ್ತರ ಆಸುಪಾಸಿನ ಮನುಷ್ಯ, ಬಾಯಿ ಜೋರು. ಗಿರಾಕಿಯೊಬ್ಬಳಿಗೆ ಕಾಲ್ಗೆಜ್ಜೆ ತೋರಿಸುತ್ತ, ಫೋನಿನಲ್ಲಿ ಇನ್ನಾರಿಗೋ ಬೈಯುತ್ತ, ನನಗೆ ಸ್ಟೂಲು ತೋರಿಸಿದ. ಬಂದ ಕಾರಣ ಹೇಳಿದಾಗ ಅದೇನು ದೊಡ್ಡ ಮಾತು ಎಂದು ಕಪಾಟಿನಿಂದ ಒಂದು ಹಿತ್ತಾಳೆಯ ಅಚ್ಚು ತೆಗೆದಿಟ್ಟ. ತನ್ನ ಅಜ್ಜನ ಕಾಲದ್ದು ಎಂದ. ತಗ್ಗಾಗಿ ಕೊರೆದ ಒಂದು ಹೆಣ್ಣು ಮುಖ. ಅದರ ಮೇಲೆ ತೆಳು ಬೆಳ್ಳಿ ಇಟ್ಟು ಬಡಿದರೆ ಮುಖ ಏಳುತ್ತದೆ. ಅಗೋ, ಎಂದು ಮೇಣದ ತುಂಡೊಂದನ್ನು ಅದರಲ್ಲಿ ಒತ್ತಿ ಕಿತ್ತು ನನ್ನ ಕೈಗೆ ಕೊಟ್ಟ. ಗುಂಡು ಕಣ್ಣು, ಮೂಗಿನಲ್ಲಿ ನತ್ತು, ಎಲ್ಲೂ ನೋಡದ ನೋಟ. ನನ್ನ ಅವ್ವ ನತ್ತು ಹಾಕುತ್ತಿದ್ದಳೇ ಎಂಬುದು ಕೂಡ ನನಗೆ ಗೊತ್ತಿರಲಿಲ್ಲ. ಇದು ನಮ್ಮ ಅವ್ವನನ್ನು ನೋಡಿ ಮಾಡಿದ್ದಾ ಎಂದು ಕೇಳಿದೆ. ಅವನು ಮನಸಾರೆ ನಕ್ಕ.

"ಎಲ್ಲಾರಿಗೂ ಇದೇ ಮಾರಿ, ತಂಗಿ. ಹಾಕ್ಕೊಳ್ಳಾಕಿ ಸತ್ತಾಕೀನ ನೋಡಿರಂಗಿಲ್ಲ, ನೋಡಿದವ್ರು ಯಾರೂ ಕೇಳಂಗಿಲ್ಲ."

ಭಾಲ್ಕಿ, ಔರಾದ, ಬೀದರ, ಎಷ್ಟೋ ಊರಿನ ಎಷ್ಟೋ ಮನೆಗಳ ಸತ್ತ ಹೆಂಡಂದಿರಿಗೆ ಒಂದೇ ಮುಖ. ಇಪ್ಪತ್ತು ವರ್ಷ ಚಿಗವ್ವ ಮಾತಾಡಿಸಿದ್ದು ಇದನ್ನು. ನಾನು ಹೆದರಿಕೊಂಡದ್ದು ಇದಕ್ಕೆ. ನನಗೆ ಅವಮಾನವಾಯಿತು. ಕರವಸ್ತ್ರ ಬಿಚ್ಚಿ ಚಿಗವ್ವನ ಟಾಕವನ್ನು ಅಚ್ಚಿನ ಪಕ್ಕಕ್ಕಿಟ್ಟೆ, ಯಾವ ಮುಖವೂ ಉಳಿದಿಲ್ಲ ನೋಡ್ರಿ ಎಂದೆ. ಪತ್ತಾರ ಅದನ್ನು ಎತ್ತಿಕೊಂಡು, ಬೆರಳಾಡಿಸಿ, ಯಾವಾಗ ತೀರಿಕೊಂಡರು ಎಂದು ಕೇಳಿದ. ನಮ್ಮ ಅವ್ವನಾ, ಎಂದೆ. ಅಲ್ಲ, ಇದನ್ನು ಹಾಕಿಕೊಂಡಿದ್ದವರು ಎಂದ. ಅವರು ಇದ್ದಾರೆ, ಮನೆಯಲ್ಲಿ ಚೆನ್ನಾಗಿದ್ದಾರೆ ಎಂದೆ.

ಅವನು ಟಾಕವನ್ನು ಗಲ್ಲಾಪೆಟ್ಟಿಗೆಯ ಮೇಲೆ ಇಟ್ಟು ಕೈ ತೆಗೆದ. ಫೋನನ್ನು ಕೂಡ ಕೆಳಗಿಟ್ಟ. ಹಾಕಿಕೊಂಡವಳು ಬದುಕಿದ್ದಾಗ ಇದು ಕೊರಳಿಂದ ಇಳಿಯುವುದಿಲ್ಲ, ದಾರ ಹರಿದರೂ ಹೊಸ ದಾರ ಪೋಣಿಸಿದ ಮೇಲೆಯೇ ಹಳೆಯದನ್ನು ಕಳಚುತ್ತಾರೆ ಎಂದು ಹೇಳಿ, ಆಕೆ ಯಾಕೆ ತೆಗೆದಳು ಎಂದು ಕೇಳಿದ.

"ನಾನೇ ಕೇಳಿದ್ನಿರಿ. ಅವ್ವನ ಮಾರಿ ತೆಗಿಬೇಕು ಅಂದಿದ್ನಿ," ಎಂದೆ.

ಎಂದವಳಿಗೆ ನನ್ನ ಮಾತು ನನಗೇ ಕೇಳಿಸಿತು. ಚಿಗವ್ವನಿಗೆ ಕೇಳಿಸಿದ ಹಾಗೆ ಕೇಳಿಸಿತು. ನಮ್ಮ ಮನೆಯಲ್ಲಿ ಅವ್ವನ ಮಾರಿ ಎಂದರೆ ಆ ಬಿಲ್ಲೆ. ಕೊರಳಿಗೆ ಬೆರಳು ಮಾಡಿ, ಅದನ್ನು ತೆಗೆಯಬೇಕು, ಬಹಳ ದಿನದಿಂದ ಮನಸ್ಸಿನಲ್ಲಿದೆ ಎಂದಿದ್ದೆ. ಕಾಲೇಜು ಕಲಿತ ಮಗಳು ತನ್ನ ತಾಯಿಯನ್ನು ನಿನ್ನ ಮೈಮೇಲಿಂದ ಕಳಚು ಎಂದು ಹೇಳಿದ್ದಳು, ಆಕೆ ಕಳಚಿ ಕೊಟ್ಟಿದ್ದಳು. ಸರ್ ಹೇಳಿದ್ದ ಹಲ್ಲಿನ ತಮಾಷೆ ನೆನಪಾಯಿತು. ಟಾಕವನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಎದ್ದೆ.

ಭಾಲ್ಕಿಯ ಬಸ್ ಸ್ಟ್ಯಾಂಡಿನಲ್ಲಿ ಬಸ್ಸಿಗೆ ಕಾಯುವಾಗ ಎದುರಿನ ಬೆಂಚಿನಲ್ಲಿ ಒಬ್ಬ ಹೆಂಗಸು ಬಾಳೆಹಣ್ಣು ಸುಲಿಯುತ್ತಿದ್ದಳು. ಕೊರಳಲ್ಲಿ ಟಾಕ. ಇನ್ನೂ ಹೊಸದು, ಗುಂಡು ಕಣ್ಣು, ನತ್ತು, ಎಲ್ಲ ಸ್ಪಷ್ಟ. ಹೆಂಗಸು ಹಣ್ಣಿನ ತುದಿ ಮುರಿದು ಅದರ ಮುಂದೆ ಹಿಡಿದು, ತಡೆದು, ಆಮೇಲೆ ತಿಂದಳು. ನಾನು ಬೆಂಚು ಬಿಟ್ಟೆದ್ದು ಬಿಸಿಲಿಗೆ ಹೋಗಿ ನಿಂತೆ.

ಊರು ಮುಟ್ಟಿದಾಗ ಕುರಿ ಮರಳುವ ಹೊತ್ತು. ಚಿಗವ್ವ ಕಟ್ಟೆಯ ಮೇಲೆ ಕುಳಿತಿದ್ದಳು, ಪಕ್ಕದಲ್ಲಿ ಬಟ್ಟೆಯ ಗಂಟು. ಬೆಳಿಗ್ಗೆ ಭಾತಂಬ್ರಾದ ಅಣ್ಣನ ಮನೆಗೆ ಹೋಗುತ್ತೇನೆ ಎಂದಳು. ಎಷ್ಟು ದಿನಕ್ಕೆ ಎಂದರೆ ಗಂಟಿನ ತುದಿಯನ್ನು ಇನ್ನೊಮ್ಮೆ ಬಿಗಿದಳು. ನಾನು ಆಕೆಯ ಕಾಲ ಬಳಿ ಕುಸಿದು, ತೆಗೆಯುವುದು ಅಂದರೆ ಕಾಗದದ ಮೇಲೆ, ಚಿತ್ರ, ಚಿತ್ರ ತೆಗೆಯುವುದು ಎಂದು ಒಂದೇ ಸಮನೆ ಹೇಳಿದೆ. ಆಕೆ ಕೇಳಿಸಿಕೊಂಡಳು. ನಂಬಲು ಹೊತ್ತು ಹಿಡಿಯಿತು.

"ಇದು ಕಟ್ಟುವಾಗ ಹೇಳಿದ್ರು, ಇಕಿ ನಿನ್ನ ಕೊಳ್ಳಾಗ ಇರೂತನಾ ಇಕಿ ಕೂಸು ನಿಂದು ಅಂತ. ನೀ ತೆಗಿ ಅಂದಿ. ದೊಡ್ಡಾಕಿ ಆಗಿದಿ, ನಿನ್ನ ಹಕ್ಕದ ಅಂತ ತೆಗದಿನಿ."

ನಾನು ಅತ್ತೆ. ಚಿಕ್ಕಂದಿನಲ್ಲಿ ಅತ್ತಂತೆ, ಮೂಗು ಬಾಯಿ ಒಂದು ಮಾಡಿಕೊಂಡು ಅತ್ತೆ. ಆಕೆ ಇಲ್ಲದ ಆ ಮನೆಯನ್ನು ನಾನು ಎಂದೂ ಯೋಚಿಸಿಯೇ ಇರಲಿಲ್ಲ. ಅವ್ವನ ಮುಖ ಬೇಕೆಂದು ಹೊರಟವಳು ನಾನು, ಇದ್ದ ಅವ್ವನಿಂದಲೇ ಗಂಟು ಕಟ್ಟಿಸಿದ್ದೆ. ಟಾಕಕ್ಕೆ ಹೊಸ ದಾರ ಪೋಣಿಸಿ, ನನ್ನ ಕೈಯಾರೆ ಆಕೆಯ ಕೊರಳಿಗೆ ಕಟ್ಟಿದೆ. ಬಿಳಿ ಕಲೆಯ ಮೇಲೆ ಅದು ತನ್ನ ಜಾಗದಲ್ಲಿ ಕುಳಿತಿತು. ಚಿಗವ್ವ ಕಣ್ಣು ಮುಚ್ಚಿ ಅದನ್ನು ಹೆಬ್ಬೆರಳಿನಿಂದ ಒಮ್ಮೆ ತಿಕ್ಕಿ, ಬಂದ್ಯಾ ಅಕ್ಕ, ಎಂದಳು. ಹಟ್ಟಿಯ ಕಡೆಯಿಂದ ನಾಯಿ ಬಾಲ ಅಲ್ಲಾಡಿಸುತ್ತ ಬಂದು ಆಕೆಯ ಕಾಲ ಮೇಲೆ ಮಲಗಿತು.

ಮರುದಿನ ಬೆಳಿಗ್ಗೆ ಚಿಗವ್ವನನ್ನು ಬಾಗಿಲ ಬೆಳಕಿಗೆ ಕೂರಿಸಿ ಚಿತ್ರ ತೆಗೆದೆ. ನನಗೆ ಗೊತ್ತಿಲ್ಲದವಳನ್ನು ಹುಡುಕುವುದು ಸಾಕಾಗಿತ್ತು. ಗೊತ್ತಿರುವವಳನ್ನು, ಕೊರಳಲ್ಲಿ ಸವೆದ ಬೆಳ್ಳಿಯ ಸಮೇತ ಮಾಡಿ, ಸರ್‌ಗೆ ಏನಾದರೂ ಕಥೆ ಹೇಳಿದರಾಯಿತು ಎಂದುಕೊಂಡೆ. ಕೈ ಎಲ್ಲೂ ತಡವರಿಸಲಿಲ್ಲ. ಗುಂಡು ಗಲ್ಲ, ಅಗಲ ಕಣ್ಣು, ಕೆಳತುಟಿ, ತಾವಾಗಿಯೇ ಬಂದು ಕುಳಿತವು. ಅಷ್ಟು ಒಳ್ಳೆಯ ಹೋಲಿಕೆ ನನ್ನ ಕೈಯಿಂದ ಹಿಂದೆಯೂ ಬಂದಿರಲಿಲ್ಲ, ಮುಂದೆಯೂ ಬಂದಿಲ್ಲ.

ಚಿಗವ್ವ ಒಲೆಯ ಕಡೆಗೆ ಎದ್ದು ಹೋದಳು. ನಾನು ಹಾಳೆಯನ್ನು ಆಯಿಯ ಹತ್ತಿರ ಒಯ್ದೆ. ಆಯಿ ಅದನ್ನು ಬಿಸಿಲಿಗೆ ತಿರುಗಿಸಿ, ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು, ಮೂಲೆಯಿಂದ ಮೂಲೆಗೆ ನೋಡಿದಳು. ಇದು ನಿಮ್ಮವ್ವ, ನನ್ನ ಹಿರಿ ಸೊಸಿ ಎಂದಳು. ಫೋಟೋ ಮಣ್ಣಿಗೆ ಹಾಕಿದ್ದೆನಲ್ಲ, ನಿನಗೆ ಎಲ್ಲಿ ಸಿಕ್ಕಿತು ಎಂದು ಕೇಳಿದಳು.

ಇದು ಚಿಗವ್ವ, ಈಗಷ್ಟೇ ಬಾಗಿಲಲ್ಲಿ ಕೂರಿಸಿ ತೆಗೆದದ್ದು ಎಂದೆ. ಪೊರೆ ಬಂದ ಕಣ್ಣು, ತಪ್ಪುತ್ತಿದೆ ಎಂದೆ. ಆಯಿ ತಲೆ ಅಲ್ಲಾಡಿಸಿದಳು. ಈ ಮನೆಯಲ್ಲಿ ಎರಡೂ ಸೊಸೆಯರನ್ನು ಕಣ್ಣು ನೆಟ್ಟಗಿದ್ದಾಗ ನೋಡಿದವಳು ನಾನೊಬ್ಬಳೇ, ನಿಮ್ಮಪ್ಪ ಕುರಿ ಬಿಟ್ಟು ಬೇರೆ ಯಾರ ಮುಖವನ್ನೂ ತಲೆ ಎತ್ತಿ ನೋಡಿದವನಲ್ಲ ಎಂದಳು. ಆಮೇಲೆ ಅಡಿಗೆ ಮನೆಯತ್ತ ಒಮ್ಮೆ ಕಿವಿಗೊಟ್ಟು ದನಿ ಇಳಿಸಿದಳು.

"ಇಕಿ ಬಂದಾಗ ಉದ್ದ ಮಾರಿ ಇತ್ತು, ಸಣ್ಣ ಕಣ್ಣು. ಆ ಬೆಳ್ಳಿ ಮ್ಯಾಲಿನ ಮಾರಿ ಸವದು ಎಲ್ಲಿ ಹೋತು ಅಂತ ತಿಳಕೊಂಡಿ?"

ಅದು ಅಚ್ಚಿನ ಮುಖ, ಎಲ್ಲರಿಗೂ ಅದೇ, ಎಂದು ಭಾಲ್ಕಿಯ ಕಥೆ ಹೇಳಲು ಹೊರಟೆ. ಆಯಿ ಕೇಳಿಸಿಕೊಳ್ಳಲಿಲ್ಲ. ಹಾಳೆಯ ಗಲ್ಲವನ್ನು ಬೆರಳಿನಿಂದ ಸವರುತ್ತ, ಎಷ್ಟು ವರ್ಷ ಆಯಿತವ್ವ ನಿನ್ನನ್ನು ನೋಡಿ, ಎಂದು ಅದರ ಜೊತೆ ಮಾತಿಗೆ ತೊಡಗಿದ್ದಳು. ನನಗೆ ಭಯವಾಗಿತ್ತು. ಅದರ ಅಡಿಯಲ್ಲಿ ಒಂದು ಸಂತೋಷವೂ ಇತ್ತು, ಅದನ್ನು ಯಾಕೆ ಮುಚ್ಚಿಡಲಿ. ಅವ್ವನ ಮುಖ ಹೇಗಿತ್ತೆಂದು ಕಡೆಗೂ ನನಗೆ ತಿಳಿಯಿತು. ಅದನ್ನು ನಾನು ಹುಟ್ಟಿದಂದಿನಿಂದ ನೋಡುತ್ತಲೇ ಇದ್ದೆ.

ಉದ್ದ ಮುಖ, ಸಣ್ಣ ಕಣ್ಣು. ಆಯಿಯ ಆ ಮಾತು ಸ್ವಲ್ಪ ತಡವಾಗಿ ಒಳಗಿಳಿಯಿತು. ಎದ್ದು ಹೋಗಿ ಚೀಲದ ತಳದಿಂದ ಮುದುಡಿದ ಹಾಳೆಗಳನ್ನು ತೆಗೆದು ಪಡಸಾಲೆಯ ನೆಲದ ಮೇಲೆ ನೀವಿ ನೀವಿ ಹರಡಿದೆ. ಟಾಕ ಇಲ್ಲದ ಆ ದಿನಗಳಲ್ಲಿ ಕೆಟ್ಟುಹೋದವು ಎಂದು ಸಿಟ್ಟಿನಿಂದ ತುರುಕಿದ್ದವು. ಅವು ಚಿಗವ್ವನನ್ನು ಹೋಲುತ್ತಿರಲಿಲ್ಲ. ಆದರೆ ಒಂದನ್ನೊಂದು ಹೋಲುತ್ತಿದ್ದವು. ರೊಟ್ಟಿ ಬಡಿಯುತ್ತಿದ್ದವಳೂ, ಅಕ್ಕಿ ಆರಿಸುತ್ತಿದ್ದವಳೂ, ಗೋಡೆಗೆ ಒರಗಿದ್ದವಳೂ ಒಬ್ಬಳೇ ಹುಡುಗಿ. ಇಳಿದ ಗದ್ದ, ಹತ್ತಿರ ಹತ್ತಿರದ ಕಣ್ಣು, ಮದುವೆಯಾಗಿ ಬಂದ ಹೊಸತರಲ್ಲಿ ಇರುವ ಒಂದು ಅಂಜಿಕೆ. ನನ್ನ ಕೈ ತಪ್ಪಿರಲಿಲ್ಲ. ಟಾಕ ಕಳಚಿ ಎದುರಿಗೆ ಕುಳಿತಿದ್ದವಳನ್ನೇ ಹಿಡಿದಿತ್ತು.

ಇದ್ದುದರಲ್ಲಿ ಚೆನ್ನಾಗಿದ್ದ ಒಂದನ್ನು ಹಿಡಿದು ಅಡಿಗೆ ಮನೆಗೆ ಹೋದೆ. ಚಿಗವ್ವ ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡು ಹಾಳೆ ತೆಗೆದುಕೊಂಡಳು. ಒಲೆಯ ಬೆಳಕಿಗೆ ಹಿಡಿದಳು. ಬಹಳ ಹೊತ್ತು ನೋಡಿದಳು, ಹಂಚಿನ ಮೇಲಿನ ರೊಟ್ಟಿ ಸೀಯುವ ವಾಸನೆ ಬರುವ ತನಕ ನೋಡಿದಳು. ಆಮೇಲೆ ಕೊರಳಿನ ಟಾಕವನ್ನು ಹುಡುಕಿ, ಅದಕ್ಕೆ ಕಾಣಬಾರದು, ಕೇಳಬಾರದು ಎಂಬಂತೆ ಅಂಗೈಯಲ್ಲಿ ಪೂರ್ತಿ ಮುಚ್ಚಿ ಹಿಡಿದುಕೊಂಡು, ನನ್ನ ಕಿವಿಯ ಹತ್ತಿರಕ್ಕೆ ಬಾಗಿದಳು.

"ಇಕಿ ಎಲ್ಲಿ ಸಿಕ್ಕಳವ್ವ ನಿಂಗ?"